ಕಾವಲಿಗೆ ಯಾವ ನಾಯಿ? ರಾಟ್‌ವೈಲರ್‌ನಿಂದ ನಾಟಿ ನಾಯಿಯವರೆಗೆ ಒಂದು ಹೋಲಿಕೆ

ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರಿಗೆ ಅಕ್ಕಪಕ್ಕದ ನಿವೇಶನಗಳು ಇನ್ನೂ ಖಾಲಿ ಬಿದ್ದಿರುವಾಗ, ಅಥವಾ ಮಕ್ಕಳೆಲ್ಲ ಪಟ್ಟಣ ಸೇರಿ ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಉಳಿದಾಗ, ಕಾವಲಿಗೊಂದು ಗಟ್ಟಿ ನಾಯಿ ಬೇಕು ಎಂಬ ಮಾತು ಸಹಜವಾಗಿ ಬರುತ್ತದೆ. ಇಪ್ಪತ್ತು ವರ್ಷಗಳಿಂದ ನಾಯಿ ಸಾಕುತ್ತಿರುವ ನನ್ನನ್ನು ಪರಿಚಯದವರು ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಎಂದು. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವರು ಯಾರು, ಆ ನಾಯಿಯ ಚೈನು ಒಂದು ದಿನ ಅವರ ಕೈಗೆ ಬಂದರೆ ಏನಾಗುತ್ತದೆ? ಯಜಮಾನನ ತೋಳಿನ ಬಲ ನೋಡಿ ನಾಯಿ ತಂದ ಮನೆಯವರು, ಅವನು ಕೆಲಸದ ಮೇಲೆ ಪರ ಊರಿಗೆ ಹೋದ ವಾರದಲ್ಲಿ ಪಡುವ ಪಾಡನ್ನು ನಾನು ಹಲವು ಕಡೆ ಕಂಡಿದ್ದೇನೆ. ಈ ಹೋಲಿಕೆಯನ್ನು ಅದೇ ಅಳತೆಗೋಲು ಹಿಡಿದು ಬರೆದಿದ್ದೇನೆ.

ಮೊದಲು ಕಾನೂನಿನ ಮಾತು

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ರಾಜ್ಯಗಳಿಗೆ ಪತ್ರ ಬರೆದು, ಪಿಟ್ ಬುಲ್, ರಾಟ್‌ವೈಲರ್, ಕೇನ್ ಕೊರ್ಸೊ, ಕಕೇಷಿಯನ್ ಶೆಫರ್ಡ್, ಅಕಿಟಾ, ಮ್ಯಾಸ್ಟಿಫ್ ಮುಂತಾದ 23 ತಳಿಗಳ ಆಮದು, ಮಾರಾಟ ಮತ್ತು ಸಂವರ್ಧನೆಗೆ ಅವಕಾಶ ಕೊಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಸೂಚಿಸಿತು. ಕರ್ನಾಟಕ ಹೈಕೋರ್ಟ್ ಇದಕ್ಕೆ ಮೊದಲು ತಡೆ ನೀಡಿ, ಏಪ್ರಿಲ್ 10ರಂದು ಸುತ್ತೋಲೆಯನ್ನೇ ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಅದನ್ನು ಹೊರಡಿಸಿದ್ದು ಮುಖ್ಯ ಕಾರಣವಾಗಿತ್ತು; ಸರಿಯಾದ ಕ್ರಮದಲ್ಲಿ ಹೊಸದಾಗಿ ನಿಯಮ ತರುವ ದಾರಿಯನ್ನು ನ್ಯಾಯಾಲಯ ಮುಚ್ಚಲಿಲ್ಲ. ಆದ್ದರಿಂದ ಸುತ್ತೋಲೆ ಬಿದ್ದುಹೋಯಿತು, ಇನ್ನು ಯಾವ ಚಿಂತೆಯೂ ಇಲ್ಲ ಎಂದು ಮರಿ ಮಾರುವವರು ಹೇಳುವ ಮಾತಿಗೆ ಮರುಳಾಗಬಾರದು.

ನಾಯಿ ಯಾವ ತಳಿಯದ್ದೇ ಆಗಿರಲಿ, ಅದರಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದರಲ್ಲಿ ಒಡೆಯನು ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲೂ ಇದೇ ಅಪರಾಧವಿತ್ತು, ದಂಡ ಮಾತ್ರ ಒಂದು ಸಾವಿರ ರೂಪಾಯಿಯಾಗಿತ್ತು. ಆ 23 ತಳಿಗಳ ಪಟ್ಟಿಯಲ್ಲಿ ಜರ್ಮನ್ ಶೆಫರ್ಡ್ ಇರಲಿಲ್ಲ, ಡಾಬರ್‌ಮನ್ ಕೂಡ ಇರಲಿಲ್ಲ; ಆದರೆ ಕಚ್ಚಿಸಿಕೊಂಡವರಿಗೆ ಪಟ್ಟಿಯಿಂದ ಆಗುವುದೇನೂ ಇಲ್ಲ. ಬ್ರಿಟನ್ನಿನಲ್ಲಿ 1991ರ ಕಾಯ್ದೆ ಪಿಟ್ ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ಹೆಸರಿಸಿ ನಿಷೇಧಿಸಿತು. ಜನ ಪಟ್ಟಿಯಲ್ಲಿಲ್ಲದ ಎಕ್ಸ್ಎಲ್ ಬುಲ್ಲಿ ಎಂಬ ಇನ್ನೊಂದು ಭಾರಿ ನಾಯಿಯ ಕಡೆ ತಿರುಗಿದರು, ಕೊನೆಗೆ 2024ರ ಫೆಬ್ರವರಿ 1ರಿಂದ ವಿಶೇಷ ಅನುಮತಿ ಪತ್ರವಿಲ್ಲದೆ ಅದನ್ನು ಸಾಕುವುದೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅಪರಾಧವಾಯಿತು. ಹೆಸರು ಹಿಡಿದು ನಿಷೇಧಿಸುವುದರ ಮಿತಿ ಇದು. ಹಾಗೆಂದು ತಳಿಗೆ ಬೆಲೆಯೇ ಇಲ್ಲ, ಎಲ್ಲವೂ ಸಾಕುವವರ ಕೈಯಲ್ಲಿದೆ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. 2022ರಲ್ಲಿ ಲಖನೌದಲ್ಲಿ ಮನೆಯ ಪಿಟ್ ಬುಲ್ ಎಂಬತ್ತು ದಾಟಿದ ಹಿರಿಯ ಮಹಿಳೆಯೊಬ್ಬರನ್ನು ಕೊಂದಿತು. 2024ರ ಮೇ ತಿಂಗಳಲ್ಲಿ ಚೆನ್ನೈನ ಒಂದು ಉದ್ಯಾನದಲ್ಲಿ ಎರಡು ರಾಟ್‌ವೈಲರ್‌ಗಳು ಐದು ವರ್ಷದ ಹುಡುಗಿಯ ಮೇಲೆ ಎರಗಿದವು. ಸಣ್ಣ ನಾಯಿಯೂ ಕಚ್ಚುತ್ತದೆ, ಆದರೆ ಅದು ಕಚ್ಚಿದರೆ ಗಾಯ, ಇವು ಕಚ್ಚಿದರೆ ಜೀವಕ್ಕೇ ಸಂಚಕಾರ. ಎರಡಕ್ಕೂ ಒಂದೇ ಎಚ್ಚರಿಕೆ ಸಾಲದು.

ಗೇಟಿನ ಚಿಲಕ

ಹನ್ನೊಂದು ವರ್ಷಗಳ ಹಿಂದೆ ನಮ್ಮ ಮನೆಯ ಜರ್ಮನ್ ಶೆಫರ್ಡ್ ಗಂಡುನಾಯಿ, ಹಾಲು ಹಾಕಲು ಬರುತ್ತಿದ್ದ ಹುಡುಗನ ಮುಂಗೈಯನ್ನು ಕಚ್ಚಿತು. ಮಳೆಗಾಲಕ್ಕೆ ತುಕ್ಕು ಹಿಡಿದು ಗೇಟಿನ ಚಿಲಕ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಎರಡು ತಿಂಗಳಿಂದ ಅದು ನನಗೆ ಗೊತ್ತಿತ್ತು, ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಹುಡುಗ ಅಳುತ್ತ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಸಾರ್, ಅದು ದಿನಾ ನನ್ನನ್ನ ನೋಡ್ತಿತ್ತಲ್ಲ ಸಾರ್." ಚುಚ್ಚುಮದ್ದಿನ ದಿನಗಳು ಸೊನ್ನೆ, ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟು, ಆ ಐದು ದಿನವೂ ಅವನನ್ನು ಕರೆದುಕೊಂಡು ಹೋದವನು ನಾನು. ಐದು ಸಲವೂ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಆಮೇಲೆ ತಿಳಿಯಿತು. ನಾಯಿ ಅವನನ್ನು ದಿನವೂ ನೋಡುತ್ತಿತ್ತು ನಿಜ, ಆದರೆ ಗೇಟಿನ ಒಳಗಿನಿಂದ. ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಪ್ಯಾಕೆಟ್ ಇಟ್ಟು ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿದದ್ದಕ್ಕೆ ಎಂಬುದು ನಮಗೆ ಗೊತ್ತು, ನಾಯಿಯ ಲೆಕ್ಕದಲ್ಲಿ ತಾನು ಬೊಗಳಿ ಓಡಿಸಿದ್ದಕ್ಕೆ. ಮುನ್ನೂರು ದಿನ ಹೀಗೆ ಗೆದ್ದ ನಾಯಿಗೆ ಮುನ್ನೂರ ಒಂದನೆಯ ದಿನ ಗೇಟು ತೆರೆದು ಸಿಕ್ಕಿತು. ಕಾಗದ, ಕೊರಿಯರ್, ಊಟ ತಂದುಕೊಡುವವರು, ಮೀಟರ್ ಓದುವವರು, ಎಲ್ಲರೂ ನಾಯಿಗೆ ಇದೇ ಪಾಠವನ್ನು ದಿನದಿನವೂ ಕಲಿಸುತ್ತಾರೆ. ಗೇಟಿನ ಬಳಿ ಬೊಗಳುವುದನ್ನೇ ಒಳ್ಳೆಯ ಕಾವಲು ಎಂದು ಹೆಮ್ಮೆಪಡುವ ಮನೆಗಳಲ್ಲಿ ಕಚ್ಚಾಟ ಆಗುವುದು ಹೆಚ್ಚಾಗಿ ಹೀಗೆ. ಅದಕ್ಕೇ ತಳಿಗಳನ್ನು ಹೋಲಿಸುವ ಮೊದಲು ನಿಮ್ಮ ಮನೆಯನ್ನು ಒಮ್ಮೆ ನೋಡಿಬನ್ನಿ: ಕಾಂಪೌಂಡ್ ಗೋಡೆ ಕನಿಷ್ಠ ಆರು ಅಡಿ ಇದೆಯೇ, ಗೇಟಿನ ಕೆಳಗೆ ಮಗುವಿನ ಕೈಯೋ ನಾಯಿಯ ಮೂತಿಯೋ ತೂರುವಷ್ಟು ಸಂದಿ ಇದೆಯೇ, ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆಯೇ, ಬಂದವರು ನಾಯಿಯ ಜಾಗಕ್ಕೆ ಕಾಲಿಡದೆ ಕರೆಗಂಟೆ ಒತ್ತಬಹುದೇ? ಗೇಟು ಮತ್ತು ನಾಯಿಯ ನಡುವೆ ಇನ್ನೊಂದು ಒಳಗೇಟು ಇದ್ದರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ. ಇದಕ್ಕೆ ಖರ್ಚು ಮಾಡಲು ಮನಸ್ಸಿಲ್ಲದವರು ದೊಡ್ಡ ನಾಯಿಗೂ ಖರ್ಚು ಮಾಡಬಾರದು.

ತಳಿಗಳ ಹೋಲಿಕೆ

ಜರ್ಮನ್ ಶೆಫರ್ಡ್ ಮೂಲತಃ ಕುರಿಮಂದೆ ಕಾಯಲು ಬೆಳೆಸಿದ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅದಕ್ಕೊಂದು ಸಂಘ ಕಟ್ಟಿ ತಳಿಯನ್ನು ರೂಪಿಸಿದ. ಗಂಡು 30ರಿಂದ 40 ಕಿಲೋ, ಹೆಣ್ಣು 22ರಿಂದ 32 ಕಿಲೋ ತೂಗುತ್ತದೆ. ಹೇಳಿದ್ದನ್ನು ಬೇಗ ಕಲಿಯುತ್ತದೆ, ಒಡೆಯನ ಮುಖ ನೋಡಿ ನಡೆಯುತ್ತದೆ. ಆದರೆ ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಓಡುವ ಮಕ್ಕಳನ್ನೂ ಸೈಕಲ್ಲನ್ನೂ ಮಂದೆಯಂತೆ ಅಟ್ಟಲು ಹೋಗುತ್ತದೆ. ನಮ್ಮಲ್ಲಿ ಸಿಗುವ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ, ಅಂಜುಬುರುಕ ಸ್ವಭಾವವೂ ಅಷ್ಟೇ ಸಾಮಾನ್ಯ. ಈ ಎರಡನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಧೈರ್ಯದ ನಾಯಿಗಿಂತ ಹೆದರಿದ ನಾಯಿ ಬೇಗ ಕಚ್ಚುತ್ತದೆ. ದೊಡ್ಡ ನಾಯಿಯನ್ನು ಸಾಕಿ ಸ್ವಲ್ಪ ಅನುಭವವಿರುವ, ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಕೊಡಬಲ್ಲ ಮನೆಗೆ ಜರ್ಮನ್ ಶೆಫರ್ಡ್ ಹೆಣ್ಣುನಾಯಿಯೇ ನನ್ನ ಮೊದಲ ಸಲಹೆ.

ಡಾಬರ್‌ಮನ್‌ಗೆ ಆ ಹೆಸರು ಬಂದದ್ದು ಜರ್ಮನಿಯ ಅಪೋಲ್ಡಾ ಎಂಬ ಊರಿನ ತೆರಿಗೆ ವಸೂಲಿಗಾರನಿಂದ. ಹಣದ ಚೀಲದೊಂದಿಗೆ ಒಂಟಿಯಾಗಿ ತಿರುಗುವವನಿಗೆ ಬೇಕಾದ ನಾಯಿ ಅದು. ಎಂದರೆ ಮಂದೆಯನ್ನೋ ಹೊಲವನ್ನೋ ಅಲ್ಲದೆ ಒಬ್ಬ ಮನುಷ್ಯನನ್ನೇ ಕಾಯಲು ಹುಟ್ಟಿದ ತಳಿ. ಗಂಡು 40ರಿಂದ 45 ಕಿಲೋ. ಮೈಕೂದಲು ಗಿಡ್ಡವಾದ್ದರಿಂದ ನಮ್ಮ ಬಿಸಿಲನ್ನು ಶೆಫರ್ಡ್‌ಗಿಂತ ಸಲೀಸಾಗಿ ತಾಳುತ್ತದೆ, ಉಣ್ಣೆಗಳನ್ನು ಹುಡುಕಿ ಕೀಳುವುದೂ ಸುಲಭ. ಮನೆಯವರನ್ನು ಬಿಟ್ಟಿರಲಾರದು, ಹೊರಗೆ ಕಟ್ಟಿಹಾಕಿದ ಡಾಬರ್‌ಮನ್ ಹೆಚ್ಚು ದಿನ ನೆಟ್ಟಗಿರುವುದಿಲ್ಲ, ಚಡಪಡಿಸಿ ಸಿಡುಕಾಗುತ್ತದೆ. ಹೃದಯದ ಸ್ನಾಯು ಸಡಿಲವಾಗುವ ಕಾಯಿಲೆ ಈ ತಳಿಗೆ ಬೆನ್ನು ಹತ್ತಿದ ಶಾಪ. ಚೆನ್ನಾಗಿದ್ದ ನಾಯಿ ಆರೇಳು ವರ್ಷಕ್ಕೆ ಇದ್ದಕ್ಕಿದ್ದಂತೆ ಕುಸಿದುಬೀಳುವುದನ್ನು ತಾಳಿಕೊಳ್ಳುವ ಮನಸ್ಸೂ ಬೇಕು.

ರಾಟ್‌ವೈಲರ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈಗ ಜಿಲ್ಲಾ ಕೇಂದ್ರಗಳಲ್ಲೂ ತೋಟದ ಮನೆಗಳಲ್ಲೂ ಜನ ಕೇಳುವುದು ಇದನ್ನೇ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಸಾಯಿಯವರು ದನಗಳನ್ನು ಹೊಡೆದುಕೊಂಡು ಬರಲು, ಮಾಂಸದ ಗಾಡಿ ಎಳೆಸಲು ಸಾಕಿದ ನಾಯಿ. ಗಂಡು ಸುಮಾರು 50 ಕಿಲೋ, ಹೆಣ್ಣು ಸುಮಾರು 42 ಕಿಲೋ; ದನವನ್ನು ಮೈಯಿಂದ ನೂಕಿ ತಿರುಗಿಸುವ ಬಲ ಅದರ ಎದೆಯಲ್ಲಿದೆ. ಚಿಕ್ಕಂದಿನಿಂದ ಸರಿಯಾಗಿ ಬೆಳೆದ ರಾಟ್‌ವೈಲರ್ ಗಂಭೀರ, ಶಾಂತ. ಅನಗತ್ಯವಾಗಿ ಬೊಗಳುವುದಿಲ್ಲ, ಮನೆಯವರ ಕಾಲಿಗೆ ಮೈ ಒರಗಿಸಿ ನಿಲ್ಲುತ್ತದೆ. ತೊಂದರೆ ಬರುವುದು ಈ ಶಾಂತಿಯಿಂದಲೇ. ಒಂದು ವರ್ಷದವರೆಗೆ ಎಲ್ಲರ ಮೈಮೇಲೆ ಬಿದ್ದು ಆಡುವ ಮರಿ, ಒಂದೂವರೆಯಿಂದ ಮೂರು ವರ್ಷದೊಳಗೆ ಪ್ರಾಯಕ್ಕೆ ಬರುವಾಗ ಅಪರಿಚಿತರನ್ನು ಅಳೆದು ನೋಡಲು ಶುರುಮಾಡುತ್ತದೆ. ಮೊದಲು ಗುರುಗುಟ್ಟದೆ, ಮೈ ಬಿಗಿಹಿಡಿದು ಬಾಯಿ ಮುಚ್ಚಿ ಸ್ಥಿರವಾಗಿ ನಿಲ್ಲುತ್ತದೆ; ಆ ಎರಡು ಕ್ಷಣಗಳನ್ನು ಓದಲು ಬಾರದವರಿಗೆ ಅದು ಏಕಾಏಕಿ ಎರಗಿದಂತೆ ಕಾಣುತ್ತದೆ. 50 ಕಿಲೋ ನಾಯಿ ಒಮ್ಮೆ ಜಗ್ಗಿದರೆ 55 ಕಿಲೋ ತೂಕದ ಮನುಷ್ಯನಿಗೆ ನಿಲ್ಲಲಾಗದು. ತರಬೇತಿ ಇಲ್ಲಿ ಅಲಂಕಾರದ ಮಾತಲ್ಲ, ಚೈನಿಗಿಂತ ಗಟ್ಟಿಯಾದ ಏಕೈಕ ಹಿಡಿತ ಅದು. ಇದಕ್ಕೆ ಮೊದಲು ಒಂದಾದರೂ ದೊಡ್ಡ ನಾಯಿಯನ್ನು ಮರಿಯಿಂದ ಮುಪ್ಪಿನವರೆಗೆ ಸಾಕಿರದವರು ರಾಟ್‌ವೈಲರ್ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಇನ್ನೂ ನಾಲ್ಕಾರು ವರ್ಷ ಕಾಯುವುದು ಮೇಲು.

ಪಿಟ್ ಬುಲ್ ತೂಕದಲ್ಲಿ ಇವೆಲ್ಲಕ್ಕಿಂತ ಹಗುರ, ಸರಿಯಾದ ತಳಿಯ ಗಂಡು 27 ಕಿಲೋ ಮೀರುವುದು ಕಡಿಮೆ. ಇಂಗ್ಲೆಂಡಿನಲ್ಲಿ 1835ರಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟಕ್ಕೆ ನಿಷೇಧ ಬಂದಮೇಲೆ ನಾಯಿ ನಾಯಿಗಳ ಕಾಳಗಕ್ಕೆಂದು ಬೆಳೆಸಿದ ವಂಶ ಅದು. ಹಿಡಿದ ಹಿಡಿತ ಬಿಡದಿರುವುದನ್ನೇ ಗುಣವೆಂದು ಆರಿಸಿ ಆರಿಸಿ ಬೆಳೆಸಿದ್ದಾರೆ. ಮನುಷ್ಯರೊಂದಿಗೆ ಅಕ್ಕರೆಯಿಂದಿರುವ ಪಿಟ್ ಬುಲ್‌ಗಳನ್ನು ನಾನೂ ನೋಡಿದ್ದೇನೆ. ಅವುಗಳ ಒಡೆಯರು ಸುಳ್ಳು ಹೇಳುತ್ತಿಲ್ಲ. ಆದರೆ ನಮ್ಮ ಊರುಗಳ ಬೀದಿಯನ್ನು ನೆನೆಯಿರಿ. ಮನೆಯಿಂದ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನಾಲ್ಕು ಬೀದಿ ನಾಯಿಗಳು ಸುತ್ತುಗಟ್ಟುತ್ತವೆ. ಬೇರೆ ನಾಯಿಯನ್ನು ಕಂಡರೆ ಕಾದಾಡುವ ಗುಣ ರಕ್ತದಲ್ಲಿರುವ ಪ್ರಾಣಿಯನ್ನು ದಿನಕ್ಕೆರಡು ಬಾರಿ ಇಂಥ ಬೀದಿಯಲ್ಲಿ ನಡೆಸುವುದು ನಾಯಿಗೂ ನ್ಯಾಯವಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಈ ತಳಿಯನ್ನು ಮಾನ್ಯ ಮಾಡಿಲ್ಲದ ಕಾರಣ, ಇಲ್ಲಿ ಈ ಹೆಸರಿನಲ್ಲಿ ಮಾರಾಟವಾಗುವ ಮರಿಗಳ ಅಪ್ಪ ಅಮ್ಮ ಯಾರೆಂದು ನಂಬಿಕೆಯಿಂದ ಹೇಳುವ ದಾಖಲೆಯೂ ಸಿಗುವುದು ಕಷ್ಟ. ಮನೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಕೇನ್ ಕೊರ್ಸೊ, ಕಕೇಷಿಯನ್ ಶೆಫರ್ಡ್, ಬೋರ್‌ಬುಲ್, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಾಕಸಸ್ ಪರ್ವತಗಳ ಹಿಮದಲ್ಲಿ ತೋಳಗಳಿಂದ ಮಂದೆಯನ್ನು ಕಾಯುವ ದಪ್ಪ ತುಪ್ಪಳದ ನಾಯಿಯನ್ನು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಸಾಕುವುದು ಹಿಂಸೆಯೇ ಸರಿ. ಹವಾನಿಯಂತ್ರಿತ ಕೋಣೆಯಲ್ಲಿ ಕೂಡಿಹಾಕಿ ಸಾಕಿದರೆ ಅದು ಕಾವಲು ಕಾಯುವುದಾದರೂ ಯಾವಾಗ? ಒಡೆಯನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನಿಸಿ ಎರಗುವುದು ಇಂಥ ಮಂದೆಕಾವಲಿನ ನಾಯಿಗಳ ಕೆಲಸದ ರೀತಿ. ಆ ಗುಣ ಬೆಟ್ಟದ ಮೇಲೆ ವರ, ಬಡಾವಣೆಯಲ್ಲಿ ಗಂಡಾಂತರ.

ನಮ್ಮ ನೆಲದ ನಾಯಿಗಳು

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆ ನಾಯಿಯ ಬಗ್ಗೆ ಅಭಿಮಾನದಿಂದ ಕೇಳುವವರು ಈಗ ಹೆಚ್ಚಾಗಿದ್ದಾರೆ. ಘೋರ್ಪಡೆ ಅರಸರು ಪೋಷಿಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಸೇನೆ ತನ್ನ ಮೀರತ್ ಕೇಂದ್ರದಲ್ಲಿ ತರಬೇತಿ ಕೊಟ್ಟು ನೋಡಿದ ತಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ. ಸುಮಾರು 25 ಕಿಲೋ ತೂಕ, ಉದ್ದನೆಯ ಕಾಲು, ಬಾಗಿದ ಸೊಂಟ. ಉತ್ತರ ಕರ್ನಾಟಕದ ಬಿಸಿಲಿಗೆ ಹೇಳಿ ಮಾಡಿಸಿದ ಮೈ. ಆದರೆ ಇದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯುವ ನಾಯಿ, ಬಾಗಿಲು ಕಾಯುವ ನಾಯಿಯಲ್ಲ. ಮನುಷ್ಯರಿಂದ ದೂರ ನಿಲ್ಲುತ್ತದೆ, ಅಪರಿಚಿತರು ಮುಟ್ಟುವುದನ್ನು ಸಹಿಸುವುದಿಲ್ಲ. ಅದರಿಂದ ಮಕ್ಕಳಿಗಿಂತ ಪಕ್ಕದ ಮನೆಯ ಬೆಕ್ಕು, ಕೋಳಿ, ಆಡಿನ ಮರಿಗಳಿಗೆ ಅಪಾಯ ಹೆಚ್ಚು. ಬೇಲಿ ಹಾಕಿದ ಎಕರೆಗಟ್ಟಲೆ ಜಾಗವಿದ್ದವರಿಗೆ ಇದಕ್ಕಿಂತ ಚೆಂದದ ಸಂಗಾತಿ ಸಿಗಲಿಕ್ಕಿಲ್ಲ. ಮೂವತ್ತು-ನಲವತ್ತರ ನಿವೇಶನದವರು ಅಭಿಮಾನವನ್ನು ಬೇರೆ ರೀತಿಯಲ್ಲಿ ತೋರಿಸಲಿ.

ತಮಿಳುನಾಡಿನ ರಾಜಪಾಳಯಂ ಮತ್ತು ಕೊಂಬೈ ನಾಯಿಗಳು ಕಾವಲಿಗೆ ಇದಕ್ಕಿಂತ ಹತ್ತಿರ. ಅಚ್ಚ ಬಿಳಿಯ ರಾಜಪಾಳಯಂ ಮರಿಗಳಲ್ಲಿ ಕಿವುಡು ಇರುವುದುಂಟು. ಕೊಳ್ಳುವ ಮೊದಲು ಮರಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ, ಏಕೆಂದರೆ ಕಿವಿ ಕೇಳದ ನಾಯಿ ಬೆಚ್ಚಿಬಿದ್ದಾಗ ಕಚ್ಚುವ ಸಂಭವ ಹೆಚ್ಚು.

ಇನ್ನು ನಾಟಿ ನಾಯಿ. ಜನ ಕಂತ್ರಿ ಎಂದು ಹಗುರವಾಗಿ ಕರೆಯುವ ಈ ನಾಯಿಯನ್ನು ಹೋಲಿಕೆಯ ಪಟ್ಟಿಗೆ ಸೇರಿಸುವುದೇ ಇಲ್ಲ. ಹದಿನೈದರಿಂದ ಇಪ್ಪತ್ತು ಕಿಲೋದ ಒಂದು ಹೆಣ್ಣುನಾಯಿ ರಾತ್ರಿ ಕೊಡುವ ಎಚ್ಚರಿಕೆ ಯಾವ ಜಾತಿನಾಯಿಗೂ ಕಡಿಮೆಯದ್ದಲ್ಲ. ಕಳ್ಳನಿಗೆ ಬೇಡವಾದದ್ದು ಸದ್ದು. ಕಚ್ಚುವುದು ಆಮೇಲಿನ ಮಾತು. ಬೊಗಳುವ ನಾಯಿ, ತಾನಾಗಿ ಹೊತ್ತಿಕೊಳ್ಳುವ ದೀಪ, ಗಟ್ಟಿ ಚಿಲಕ, ಈ ಮೂರು ಇದ್ದ ಮನೆಗೆ ರಾಟ್‌ವೈಲರ್ ಹೆಚ್ಚಿಗೆ ಕೊಡುವುದೇನು ಎಂದು ಯೋಚಿಸಿದರೆ, ಬಹುಪಾಲು ಮನೆಗಳಲ್ಲಿ ಉಳಿಯುವ ಉತ್ತರ ಅಂತಸ್ತು ಎಂಬುದೊಂದೇ. ನನ್ನ ಅಳತೆಗೋಲಿನಲ್ಲಿ, ಅಂದರೆ ಎಪ್ಪತ್ತರ ಅಜ್ಜಿಯೂ ಚೈನು ಹಿಡಿದು ನಿಲ್ಲಬಲ್ಲ ನಾಯಿಯ ಲೆಕ್ಕದಲ್ಲಿ, ಮೊದಲ ಬಾರಿಗೆ ನಾಯಿ ಸಾಕುವವರಿಗೆ ಇದೇ ಉತ್ತಮ ಆಯ್ಕೆ.

ತಳಿಯ ನಂತರದ ಆಯ್ಕೆಗಳು

ಗಂಡೋ ಹೆಣ್ಣೋ ಎಂದರೆ, ಬಲಿಷ್ಠ ತಳಿಗಳಲ್ಲಿ ನಾನು ಹೆಣ್ಣನ್ನೇ ಹೇಳುತ್ತೇನೆ. ತೂಕ ಸುಮಾರು ಎಂಟು ಕಿಲೋ ಕಡಿಮೆ, ಬೀದಿಯ ಗಂಡುನಾಯಿಗಳೊಂದಿಗೆ ಜಗಳ ಕಡಿಮೆ. ವರ್ಷಕ್ಕೆರಡು ಬಾರಿ ಬೆದೆಗೆ ಬರುವ ತೊಂದರೆಯನ್ನು ಶಸ್ತ್ರಚಿಕಿತ್ಸೆ ಮಾಡಿಸಿ ಮುಗಿಸಬಹುದು. ದೊಡ್ಡ ತಳಿಗಳಲ್ಲಿ ಮೂಳೆ ಬಲಿಯುವವರೆಗೆ ಕಾಯಬೇಕೇ ಎಂಬುದನ್ನು ಪಶುವೈದ್ಯರನ್ನು ಕೇಳಿ ನಿರ್ಧರಿಸಿ.

ಒಂದೋ ಎರಡೋ ಎಂಬ ಪ್ರಶ್ನೆಗೆ ಒಂದೇ ಎಂಬುದು ಉತ್ತರ. ಜೊತೆಗಿರಲಿ ಎಂದು ಒಂದೇ ಸೂಲಿನ ಎರಡು ಮರಿಗಳನ್ನು ತಂದರೆ ಅವು ನಿಮಗಿಂತ ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಒಂಟಿಯಾಗಿದ್ದಾಗ ಹಿಂಜರಿಯುವ ನಾಯಿ ಜೋಡಿಯಾದಾಗ ಹಿಂಜರಿಯುವುದಿಲ್ಲ, ಮತ್ತು ಎರಡು ಭಾರಿ ನಾಯಿಗಳನ್ನು ಒಬ್ಬರ ಕೈಯಲ್ಲಿ ಬಿಡಿಸಲಾಗದು.

ಚೈನೋ, ಬಿಡುವುದೋ, ಗೂಡೋ? ಹಗಲೆಲ್ಲ ಕಟ್ಟಿಹಾಕಿ ರಾತ್ರಿ ಬಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ, ಆದರೆ ನಾಯಿಯನ್ನು ಕೆಡಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಕಟ್ಟಿದ ನಾಯಿಗೆ ಹೆದರಿಕೆಯಾದಾಗ ಓಡಲು ಜಾಗವಿಲ್ಲ, ಉಳಿಯುವುದು ಕಚ್ಚುವ ದಾರಿಯೊಂದೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಇನ್ನೊಂದು ಕಾರಣವೂ ಇದೆ: ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಇಟ್ಟ ಎಡೆಯಂತೆ. ಎಂಥ ಗಟ್ಟಿ ನಾಯಿಯನ್ನೂ ಚಿರತೆ ಕುತ್ತಿಗೆ ಹಿಡಿದು ಎತ್ತಿಕೊಂಡು ಹೋಗುತ್ತದೆ. ಅಲ್ಲಿ ರಾತ್ರಿ ನಾಯಿ ಕಂಬಿ ಬಾಗಿಲ ಜಗಲಿಯೊಳಗೋ ಮನೆಯೊಳಗೋ ಇರಬೇಕು. ಬೇರೆಡೆ, ನೆರಳಿರುವ, ನಾಯಿ ನಾಲ್ಕು ಹೆಜ್ಜೆ ಓಡಬಲ್ಲ ಜಾಲರಿ ಗೂಡು ಕಟ್ಟಿಸಿ, ಅತಿಥಿಗಳು ಬರುವ ಹೊತ್ತಿಗೆ ಮಾತ್ರ ಅದನ್ನು ಬಳಸಿ; ಉಳಿದ ಹೊತ್ತು ನಾಯಿ ಮನೆಯವರ ನಡುವೆ ಬೆಳೆಯಲಿ. ಫ್ಲ್ಯಾಟ್‌ನಲ್ಲಿರುವವರು ಲಿಫ್ಟಿನ ಬದಲು ಮೆಟ್ಟಿಲು ಬಳಸುವುದು ಒಳ್ಳೆಯದು. ನಾಯಿ ಸಾಕುವುದನ್ನೇ ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ ನಿಜ, ಆದರೆ ಆ ಹಕ್ಕನ್ನು ಮುಂದಿಟ್ಟು ನೆರೆಯವರ ಹೆದರಿಕೆಯನ್ನು ಕಡೆಗಣಿಸಿದವರು ಕೊನೆಗೆ ನಾಯಿಗೇ ಕೇಡು ತಂದಿದ್ದಾರೆ.

ಬಾಯಿಕುಕ್ಕೆಯ ವಿಷಯಕ್ಕೂ ಒಂದು ಆಯ್ಕೆ ಇದೆ. ಒಕ್ಕಣೆಯ ಕಾಲದಲ್ಲಿ ಎತ್ತುಗಳ ಬಾಯಿಗೆ ಕಟ್ಟುವ ಕುಕ್ಕೆಯನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಟ್ಟೆಯ ಪಟ್ಟಿ ಬಾಯಿಯನ್ನು ಬಿಗಿದು ಮುಚ್ಚುತ್ತದೆ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವ ಪ್ರಾಣಿಯಾದ್ದರಿಂದ ಬಿಸಿಲಿನಲ್ಲಿ ಇದು ಪ್ರಾಣಾಪಾಯ. ಬುಟ್ಟಿಯಂಥದ್ದನ್ನು ತನ್ನಿ, ಅದರೊಳಗೆ ನಾಯಿ ನೀರು ಕುಡಿಯಬಹುದು, ತಿಂಡಿ ತಿನ್ನಬಹುದು, ಕಚ್ಚಲು ಮಾತ್ರ ಆಗದು. ಮರಿಯಿದ್ದಾಗಲೇ ಬುಟ್ಟಿಯೊಳಗೆ ಒಂದು ತುಂಡು ಬೇಯಿಸಿದ ಕೋಳಿ ಇಟ್ಟು ಮೂತಿಯನ್ನು ತಾನಾಗಿ ತೂರಿಸುವಂತೆ ಮಾಡಿ. ಹತ್ತು ದಿನ ಹೀಗೆ ಮಾಡಿದರೆ ಅದು ಶಿಕ್ಷೆಯೆಂದು ನಾಯಿಗೆ ಅನಿಸುವುದಿಲ್ಲ. ಅದೇ ರೀತಿ, ಗುರುಗುಟ್ಟಿದ್ದಕ್ಕೆ ಎಂದೂ ಹೊಡೆಯಬೇಡಿ. ಗುರುಗುಟ್ಟುವುದು ನಾಯಿ ಕೊಡುವ ನೋಟಿಸು. ಏಟಿಗೆ ಹೆದರಿ ಅದನ್ನು ನಿಲ್ಲಿಸಿದ ನಾಯಿ, ಮುಂದಿನ ಬಾರಿ ನೋಟಿಸು ಕೊಡದೆ ಕಚ್ಚುತ್ತದೆ.

ಮರಿಯನ್ನು ಆರಿಸುವಾಗ

2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಮೂವತ್ತು ದಿನದ ಮರಿಯನ್ನು "ಈಗಲೇ ಒಯ್ದರೆ ನಿಮಗೇ ಹೊಂದಿಕೊಳ್ಳುತ್ತೆ" ಎಂದು ಕೊಡುವವರು ನಿಮಗೆ ಕೊಡುತ್ತಿರುವುದು, ಕಚ್ಚಿದರೆ ಎಷ್ಟು ನೋವಾಗುತ್ತದೆಂದು ಒಡಹುಟ್ಟಿದ ಮರಿಗಳಿಂದ ಕಲಿಯುವ ಮೊದಲೇ ಬೇರ್ಪಟ್ಟ ಪ್ರಾಣಿಯನ್ನು. ಮೂರು ವಾರದಿಂದ ಹದಿನಾಲ್ಕು ವಾರದವರೆಗಿನ ಕಾಲದಲ್ಲಿ ಮರಿ ಕಂಡದ್ದೆಲ್ಲ ಅದರ ಲೋಕದ ಭಾಗವಾಗುತ್ತದೆ, ಕಾಣದ್ದು ಮುಂದೆ ಹೆದರಿಕೆಯಾಗುತ್ತದೆ. ಆದರೆ ಪಾರ್ವೊ ಮುಂತಾದ ರೋಗಗಳ ಲಸಿಕೆ ಪೂರ್ತಿಯಾಗುವುದು ಸುಮಾರು ಹದಿನಾರು ವಾರಕ್ಕೆ, ಅದರಲ್ಲೂ ರಾಟ್‌ವೈಲರ್ ಮತ್ತು ಡಾಬರ್‌ಮನ್ ಮರಿಗಳು ಪಾರ್ವೊಗೆ ಬೇಗ ತುತ್ತಾಗುತ್ತವೆ. ಎರಡನ್ನೂ ಸಂಭಾಳಿಸುವ ದಾರಿ ಎಂದರೆ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗುವುದು: ಸಂತೆ, ಶಾಲೆ ಬಿಡುವ ಹೊತ್ತು, ಕೊಡೆ ಹಿಡಿದವರು, ಊರುಗೋಲಿನವರು, ಬುರ್ಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಎಲ್ಲವನ್ನೂ ತೋಳಿನ ಮೇಲಿನಿಂದ ನೋಡಲಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮುಂದಿನ ಡೋಸ್, ಪ್ರತಿ ವರ್ಷವೂ. ಯಾರಿಗಾದರೂ ಹಲ್ಲು ತಾಗಿದರೆ, ಗೀರೇ ಆಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು, ನಾಯಿಗೆ ಲಸಿಕೆ ಆಗಿದೆ ಎಂಬ ಸಮಾಧಾನದಲ್ಲಿ ಕೂರಬಾರದು.

ಮುಂಗಡ ಕೊಡುವ ಮೊದಲು ಎರಡು ಕೆಲಸ ಮಾಡಿ. ಮೊದಲನೆಯದು, ನಿಮಗೆ ಬೇಕಾದ ತಳಿಯ ದೊಡ್ಡ ನಾಯಿಯನ್ನು ಸಾಕಿರುವ ಪರಿಚಿತರ ಮನೆಗೆ ಕುಟುಂಬದವರೆಲ್ಲರೂ ಹೋಗಿ, ಅದರ ಒಡೆಯರ ಜೊತೆಯಲ್ಲೇ ಬೀದಿಯ ಕೊನೆಯವರೆಗೆ ನಡೆದು ಬನ್ನಿ; ಬೀದಿ ನಾಯಿ ಎದುರಾದಾಗ ಒಡೆಯರ ಮೊಣಕೈ, ಹೆಗಲು, ಹಿಮ್ಮಡಿ ಹೇಗೆ ಬಿಗಿಯುತ್ತವೆಂದು ನಿಮ್ಮ ತಾಯಿಯವರೋ ಹೆಂಡತಿಯೋ ಕಣ್ಣಾರೆ ನೋಡಲಿ, ತಮ್ಮಿಂದ ಆಗುತ್ತದೆಯೇ ಎಂದು ಅವರೇ ಹೇಳಲಿ. ಎರಡನೆಯದು, ಮರಿಯ ತಾಯಿಯನ್ನು ನೋಡಬೇಕೆಂದು ಕೇಳಿ. ಅಪರಿಚಿತರಾದ ನೀವು ಒಳಗೆ ಬಂದಾಗ ಅವಳು ಬೊಗಳಿದರೂ, ಮನೆಯವರ ಒಂದು ಮಾತಿಗೆ ಸುಮ್ಮನಾಗಿ ನಿಮ್ಮ ಕೈ ಮೂಸಿ ನೋಡಿ ಹೋಗಿ ಮಲಗಿದರೆ ಆ ಮನೆಯ ಮರಿ ತರಬಹುದು. ಮೂಲೆ ಸೇರಿ ನಡುಗಿದರೆ, ಅಥವಾ ಕಂಬಿಗೆ ಎಗರಿ ಎಗರಿ ಬೀಳುತ್ತಿದ್ದರೆ ಮರಿ ಎಷ್ಟೇ ಮುದ್ದಾಗಿರಲಿ ಬೇಡ. ತಾಯಿ ಇಲ್ಲಿಲ್ಲ, ಬೇರೆ ಊರಿನ ತೋಟದಲ್ಲಿದೆ ಎಂದರೆ ದುಡ್ಡು ಕೊಡದೆ ಮನೆಗೆ ಬನ್ನಿ.